ತಂದೆಯ ಪೆಟ್ಟಿಗೆಯೊಳಗಿನ ರಹದಾರಿ

(ಧಾರವಾಡ ಆಕಾಶವಾಣಿಯ ಕೃಪೆಯಿಂದ)

ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯನ್ನು ಶೋಧಿಸುವ ಕೆಲಸವೊಂದು ಉಳಿದಿರುತ್ತದೆ. ಹೊಲಮನೆಗಳ ಖರೀದಿಪತ್ರ, ಬ್ಯಾಂಕಿನ ಪುಸ್ತಕ, ವಿಮೆಯ ಕಾಗದ ಇಂಥವನ್ನು ಮೊದಲು ಬೇರೆ ತೆಗೆದಿಡುತ್ತಾರೆ. ಉಳಿದುದೆಲ್ಲ ಒಂದು ಗಂಟಾಗಿ ರದ್ದಿಯವನ ತಕ್ಕಡಿಯನ್ನು ಏರುತ್ತದೆ. ಹಾಗೆ ಏರಿಹೋಗುವ ಗಂಟಿನಲ್ಲಿ ಹಳೆಯ ಪ್ರಯಾಣಪತ್ರಗಳೂ ಇರುತ್ತವೆಂಬುದನ್ನು ಬಹಳ ಜನ ಗಮನಿಸಿರಲಾರರು. ಅವಧಿ ಮುಗಿದ ಪಾಸ್‌ಪೋರ್ಟು, ಸಿಡುಬಿನ ಲಸಿಕೆಯ ಹಳದಿ ಪುಸ್ತಕ, ಗಡಿ ದಾಟಲು ಕೊಟ್ಟ ಒಂಟಿ ಹಾಳೆಯ ಪರವಾನಗಿ—ಇವುಗಳಿಂದ ಬರುವ ಆಸ್ತಿಯಿಲ್ಲ, ತೀರಬೇಕಾದ ಸಾಲವೂ ಇಲ್ಲ. ಆದರೆ ಒಬ್ಬ ಮನುಷ್ಯನು ಯಾವ ದಿನ ಎಲ್ಲಿದ್ದನು, ಎಲ್ಲಿಗೆ ಹೋಗಬಯಸಿದ್ದನು, ಅವನನ್ನು ಯಾರು ಬಿಟ್ಟರು, ಯಾರು ತಡೆದರು ಎಂಬುದನ್ನು ಇವುಗಳಷ್ಟು ಖಚಿತವಾಗಿ ಹೇಳುವ ಕಾಗದಗಳು ಮನೆಯಲ್ಲಿ ಬೇರೆ ಇರುವುದಿಲ್ಲ.

ಇಂಥ ಪತ್ರಕ್ಕೆ ನಮ್ಮಲ್ಲಿ 'ರಹದಾರಿ' ಎಂಬ ಹಳೆಯ ಹೆಸರಿದೆ. ಫಾರಸಿಯ 'ರಾಹ್' ಎಂದರೆ ದಾರಿ. ದಾರಿ ಕಾಯುವವರಿಗೆ ಸಲ್ಲುತ್ತಿದ್ದ ಸುಂಕಕ್ಕೆ ಮೊದಲು ಈ ಹೆಸರಿತ್ತು. ಮುಂದೆ ಅದು ದಾರಿಯಲ್ಲಿ ಹೋಗಲು ಕೊಡುವ ಅನುಮತಿಯ ಹೆಸರಾಯಿತು. ಹೆಸರು ಹೊರಗಿನದಾದರೂ ಪದ್ಧತಿ ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿ ಜಗತ್ತಿಗೆ ತೋರಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷಕವನ್ನು ತೆತ್ತು ಅವನಿಂದ ಮುದ್ರೆಯನ್ನು ಪಡೆದವನೇ ಜನಪದವನ್ನು ಪ್ರವೇಶಿಸಬೇಕು, ಬಿಡಬೇಕು. ಚಾಲುಕ್ಯರ ಕಾಲದ ನಮ್ಮ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುವುದನ್ನು ಶಾಸನ ಓದುವವರೆಲ್ಲ ಬಲ್ಲರು. ದಾರಿಯೆಂಬುದು ಎಂದೂ ಪುಕ್ಕಟೆಯಾಗಿರಲಿಲ್ಲ.

ನಮ್ಮ ಅವಳಿನಗರಗಳ ಮಟ್ಟಿಗೆ ಹೇಳುವುದಾದರೆ, ಸಾಮಾನ್ಯ ಮನುಷ್ಯನು ಊರಿಂದ ಊರಿಗೆ ಹೋಗಲು ಕಾಗದ ತೋರಿಸಬೇಕಾದ ಸಂಕಟವನ್ನು ಮೊದಲು ತಂದಿಟ್ಟದ್ದು ಪ್ಲೇಗು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯದೆಯ ಆಸರೆಯಲ್ಲಿ ರೈಲು ನಿಲ್ದಾಣಗಳಲ್ಲಿ ತಪಾಸಣೆ ನಡೆಯಿತು; ರೋಗ ಹಬ್ಬಿದ ಊರಿನಿಂದ ಬಂದವರನ್ನು ತಡೆದು ಪ್ರತ್ಯೇಕವಾಗಿಡುವ ಏರ್ಪಾಡಾಯಿತು. ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿ ಹಬ್ಬಿದಾಗ ಹಾಫ್‌ಕಿನ್ನನ ಚುಚ್ಚುಮದ್ದನ್ನು ಹತ್ತಾರು ಸಾವಿರ ಜನರಿಗೆ ಹಾಕಿದ ಸಂಗತಿ ವೈದ್ಯಚರಿತ್ರೆಯಲ್ಲಿ ದಾಖಲಾಗಿದೆ. ಚುಚ್ಚಿಸಿಕೊಂಡವನ ಕೈಗೆ ಒಂದು ಚೀಟಿ ಬರುತ್ತಿತ್ತು. ಅಂಥ ಚೀಟಿಯೇನಾದರೂ ನಿಮ್ಮ ಮನೆಯ ಹಳೆಯ ಕಡತದಲ್ಲಿದ್ದರೆ ಅದನ್ನು ಜೋಪಾನವಾಗಿಡಿರಿ.

ನನ್ನ ತಂದೆಯವರು ೨೦೧೫ರಲ್ಲಿ, ತಮ್ಮ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಬದುಕಿದವರು. ಮನೆಮಾತು ಕೊಂಕಣಿಯಾದರೂ ಲೆಕ್ಕ, ಓಲೆ, ಜಗಳ ಮೂರೂ ಕನ್ನಡದಲ್ಲಿ. ಅವರ ಕಬ್ಬಿಣದ ಟ್ರಂಕಿನಲ್ಲಿ ಅರಿಷಿಣ ಬಣ್ಣದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಗಂಟಿನಲ್ಲಿ ಮೂರು ಬಗೆಯ ಪ್ರಯಾಣಪತ್ರಗಳಿದ್ದವು. ಒಂದು, ನನ್ನ ಚಿಕ್ಕಜ್ಜನ, ಎಂದರೆ ಅಜ್ಜನ ತಮ್ಮನ, ೧೯೩೧ರ ಪಾಸ್‌ಪೋರ್ಟು. ಎರಡನೆಯದು ಗೋವೆಗೆ ಹೋಗಲು ೧೯೫೭ರಲ್ಲಿ ತಂದೆಯವರ ಹೆಸರಿಗೆ ಕೊಟ್ಟ ಪರವಾನಗಿ, ಅದರೊಡನೆ ಒಂದೆರಡು ಬಿಡಿ ಕಾಗದಗಳು. ಮೂರನೆಯದು ೧೯೭೮ರಲ್ಲಿ ನನ್ನ ಅಕ್ಕನನ್ನು ಕಾಣಲು ಇಂಗ್ಲೆಂಡಿಗೆ ಹೋಗಿಬಂದಾಗಿನ ಅವರ ಪಾಸ್‌ಪೋರ್ಟು. ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ಕನ್ನಡ ಓದಿ ಕನ್ನಡ ಕಲಿಸಿದವನು. ಹಸ್ತಪ್ರತಿಯನ್ನು ಕೈಗೆತ್ತಿಕೊಂಡಾಗ ಲಿಪಿಕಾರನಾರು, ಕಾಲ ಯಾವುದು, ಯಾವ ಗರಿ ಲುಪ್ತವಾಗಿದೆ, ಯಾವ ಪಾಠ ಆಮೇಲೆ ಸೇರಿದ್ದು ಎಂದು ಕೇಳಿಕೊಳ್ಳುವ ಅಭ್ಯಾಸ ನಮ್ಮವರಿಗಿದೆ. ಅದೇ ಅಭ್ಯಾಸ ಈ ಕಾಗದಗಳಿಗೂ ಒದಗುತ್ತದೆ.

ಚಿಕ್ಕಜ್ಜನ ಪುಸ್ತಕದಿಂದ ಪ್ರಾರಂಭಿಸುತ್ತೇನೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಸಮುದ್ರ ದಾಟುವವನಿಗೆ ಪಾಸ್‌ಪೋರ್ಟು ಕಡ್ಡಾಯವಾಗಿರಲಿಲ್ಲ. ಯುದ್ಧದ ದಿನಗಳ ನಿಯಮಗಳು ಅದನ್ನು ಕಡ್ಡಾಯ ಮಾಡಿದವು; ಯುದ್ಧ ಮುಗಿದರೂ ನಿಯಮ ಮುಗಿಯಲಿಲ್ಲ, ೧೯೨೦ರ ಕಾಯದೆಯಾಗಿ ನೆಲೆಯೂರಿತು. ಸರಕಾರಗಳ ತಾತ್ಕಾಲಿಕ ಏರ್ಪಾಡುಗಳ ಆಯುಷ್ಯ ಬಹಳ ದೊಡ್ಡದು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಪಾಸ್‌ಪೋರ್ಟು ಬಂದದ್ದು ಮುಂಬಯಿ ಸರಕಾರದಿಂದ. ಕಡುನೀಲಿ ರಟ್ಟು, ಮೇಲೆ ಬ್ರಿಟಿಷ್ ರಾಜಲಾಂಛನ, ಕೆಳಗೆ 'ಇಂಡಿಯನ್ ಎಂಪೈರ್' ಎಂಬ ಅಕ್ಷರಗಳು. ಒಳಗೆ ಉದ್ಯೋಗ, ಎತ್ತರ, ಕಣ್ಣಿನ ಬಣ್ಣ, ಕೂದಲಿನ ಬಣ್ಣ, ಗುರುತಿನ ಮಚ್ಚೆ. ನಮ್ಮ ಚಿಕ್ಕಜ್ಜ ಪೂರ್ವ ಆಫ್ರಿಕದ ರೈಲ್ವೆಯಲ್ಲಿ ಗುಮಾಸ್ತನಾಗಿ ಮುಂಬಯಿಯಿಂದ ಮೊಂಬಾಸಾಕ್ಕೆ ಹಡಗು ಹತ್ತಿದವನು. ಅಲ್ಲಿಂದ ಎರಡು ಸಲ ಬಂದು ಹೋದ ಮುದ್ರೆಗಳಿವೆ, ಮೂರನೆಯದಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿಯ ಒಂದು ಸಾಲು. ಪಾಸ್‌ಪೋರ್ಟು ಹೊಂದಿದವನ ರಾಷ್ಟ್ರೀಯ ಸ್ಥಾನಮಾನ ಎಂಬಲ್ಲಿ ಬ್ರಿಟಿಷ್ ಪ್ರಜೆ ಎಂದಿಲ್ಲ; ಜಮಖಂಡಿ ಸಂಸ್ಥಾನದವನು, ಬ್ರಿಟಿಷ್ ರಕ್ಷಣೆಗೆ ಒಳಪಟ್ಟವನು ಎಂದಿದೆ. ಚಿಕ್ಕಜ್ಜ ಹುಟ್ಟಿದ್ದು ಕುಂದಗೋಳದಲ್ಲಿ. ಹುಬ್ಬಳ್ಳಿಯಿಂದ ಚಕ್ಕಡಿಯಲ್ಲಿ ಹೊರಟರೆ ಅದೇ ದಿನ ಮುಟ್ಟುವ ಊರು. ಆದರೆ ಆಗ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿ ಸಾಂಗಲಿಗೆ, ಲಕ್ಷ್ಮೇಶ್ವರ ಮಿರಜಿಗೆ, ಸವಣೂರಿಗೆ ತನ್ನದೇ ನವಾಬ. ಗದಗಿನಿಂದ ಪೂರ್ವಕ್ಕೆ ಹೊರಟು ಕೊಪ್ಪಳದ ಸೀಮೆಯನ್ನು ಹೊಕ್ಕರೆ ನಿಜಾಮನ ಕರೋಡಗಿರಿಯವರು ಗಂಟು ಬಿಚ್ಚಿಸುತ್ತಿದ್ದರು. ಅಂಗಡಿಯ ಸಲುವಾಗಿ ಹುಬ್ಬಳ್ಳಿಗೆ ಬಂದು ನೆಲೆಸಿದ ನನ್ನ ಅಜ್ಜನ ಮಕ್ಕಳು ಹುಬ್ಬಳ್ಳಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಗಳಾದರು. ಒಂದೇ ಪಂಕ್ತಿಯಲ್ಲಿ ಉಂಡೇಳುವ ಚಿಕ್ಕಪ್ಪ ಮತ್ತು ಅಣ್ಣನ ಮಗ ಜಗತ್ತಿನ ಕಣ್ಣಿಗೆ ಎರಡು ಬೇರೆ ಜಾತಿಯ ಪ್ರಜೆಗಳು! ಕನ್ನಡ ನಾಡು ಹರಿದು ಹಂಚಿಹೋಗಿತ್ತೆಂದು ಏಕೀಕರಣದ ಭಾಷಣಗಳಲ್ಲಿ ಕೇಳುತ್ತ ಬೆಳೆದವರು ನಾವು. ಆ ಹರಕು ಒಂದು ಮನೆಯ ಊಟದ ಸಾಲಿನ ನಡುವೆ ಹಾದುಹೋಗಿದ್ದುದನ್ನು ಈ ಪುಸ್ತಕದ ಒಂದು ಸಾಲು ತೋರಿಸಿತು. ಸಂಸ್ಥಾನಗಳು ೧೯೪೮ರಲ್ಲಿ ವಿಲೀನವಾದವು. ೧೯೫೬ರ ನವೆಂಬರ್ ೧ರಂದು ಧಾರವಾಡವೂ ಕಾರವಾರವೂ ಮುಂಬಯಿಯನ್ನು ಬಿಟ್ಟು ಕನ್ನಡ ರಾಜ್ಯಕ್ಕೆ ಬಂದವು.

ಇನ್ನು ಗೋವೆಯ ಕಾಗದ. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಬ್ರಿಟಿಷರಿಗೂ ಪೋರ್ತುಗೀಜರಿಗೂ ೧೮೭೮ರಲ್ಲಿ ಒಂದು ಒಪ್ಪಂದವಾಯಿತು. ಮುರಗಾಂವಿನಲ್ಲಿ ಬಂದರು, ಅಲ್ಲಿಂದ ಘಟ್ಟವನ್ನೇರಿ ಬ್ರಿಟಿಷ್ ಸೀಮೆಯವರೆಗೆ ರೈಲು, ಎರಡೂ ಕಡೆಗೆ ಒಂದೇ ಸುಂಕವ್ಯವಸ್ಥೆ ಎಂಬುದು ಅದರ ತಿರುಳು. ಸುಂಕದ ಒಪ್ಪಂದ ೧೮೯೨ರಲ್ಲಿ ಮುಗಿದುಹೋಯಿತು. ರೈಲು ಮಾತ್ರ ಉಳಿಯಿತು. ದೂಧಸಾಗರದ ಧಬಧಬೆಯನ್ನು ಬಳಸಿಕೊಂಡು ಏರುವ ಆ ದಾರಿ ಕ್ಯಾಸಲ್ ರಾಕ್ ನಿಲ್ದಾಣದಲ್ಲಿ ನಮ್ಮ ಸೀಮೆಯನ್ನು ಸೇರಿ, ಲೋಂಡಾದ ಮೂಲಕ ಧಾರವಾಡ ಹುಬ್ಬಳ್ಳಿಗಳಿಗೆ ಬರುತ್ತಿತ್ತು. ಈಚೆ ಕ್ಯಾಸಲ್ ರಾಕ್, ಆಚೆ ಕುಳೆಂ: ಎರಡರ ನಡುವೆ ಎರಡು ಸಾಮ್ರಾಜ್ಯಗಳ ಗಡಿ. ಸುಂಕದವರು ಗಂಟು ನೋಡುತ್ತಿದ್ದರು, ಮನುಷ್ಯರನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಕೆಳಗಿಳಿಯುತ್ತಿತ್ತು, ತೆಂಗಿನಕಾಯಿ ಮೇಲೇರುತ್ತಿತ್ತು. ಅದರೊಡನೆ ಹೆಣ್ಣು ಕೊಟ್ಟು ತರುವ ಬಳಕೆಯೂ ನಡೆದಿತ್ತು. ನನ್ನ ಸೋದರತ್ತೆಯನ್ನು, ತಂದೆಯವರಿಗಿಂತ ಐದು ವರ್ಷ ದೊಡ್ಡವಳಾದ ಅವರ ಅಕ್ಕನನ್ನು, ೧೯೩೬ರಲ್ಲಿ ಮಡಗಾಂವಕ್ಕೆ ಕೊಟ್ಟದ್ದು ಹೀಗೆ. ಹೆರಿಗೆಗೆ ತವರಿಗೆ ಬರುವುದು, ಬಾಣಂತಿತನ ಮುಗಿಸಿ ಹೋಗುವುದು, ಎಲ್ಲವೂ ಆ ರೈಲಿನಲ್ಲಿಯೇ.

ಭಾರತ ಸ್ವತಂತ್ರವಾದ ಮೇಲೆ ಈ ಗಡಿಗೆ ಬೇರೆಯ ಅರ್ಥ ಬಂದಿತು. ಡಾ. ರಾಮಮನೋಹರ ಲೋಹಿಯಾ ಅವರು ೧೯೪೬ರ ಜೂನ್ ೧೮ರಂದು ಮಡಗಾಂವದಲ್ಲಿಯೇ ಸಭೆ ಸೇರಿಸಿ ಕಿಡಿ ಹಚ್ಚಿದ್ದರು. ಗೋವೆ ತಮ್ಮ ದೇಶದ ಒಂದು ಪ್ರಾಂತವೆಂದು ಸಾಲಾಜಾರನ ಸರಕಾರ ಹಟ ಹಿಡಿಯಿತು. ಭಾರತವು ೧೯೫೩ರಲ್ಲಿ ಲಿಸ್ಬನ್ನಿನಲ್ಲಿದ್ದ ತನ್ನ ರಾಯಭಾರ ಕಚೇರಿಯನ್ನು ಮುಚ್ಚಿತು. ೧೯೫೪ರಲ್ಲಿ ಓಡಾಟಕ್ಕೆ ಪರವಾನಗಿಯ ನಿರ್ಬಂಧ ಬಂದಿತು. ೧೯೫೫ರಲ್ಲಿ ನಮ್ಮ ನರಗುಂದದ ಜಗನ್ನಾಥರಾವ್ ಜೋಶಿಯವರಂಥವರು ಸತ್ಯಾಗ್ರಹಿಗಳ ತಂಡ ಕಟ್ಟಿಕೊಂಡು ಒಳಹೊಕ್ಕು ಸೆರೆಯಾದರು. ಅದೇ ವರ್ಷದ ಆಗಸ್ಟ್ ೧೫ರಂದು ನಿರಾಯುಧರಾಗಿ ಗಡಿ ದಾಟಿದ ಸಾವಿರಾರು ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅನಂತರ ಆರ್ಥಿಕ ದಿಗ್ಬಂಧನ. ಕ್ಯಾಸಲ್ ರಾಕಿನಿಂದಾಚೆಗೆ ರೈಲು ಹೋಗುವುದು ನಿಂತಿತು. ಸೆಪ್ಟೆಂಬರ್ ೧ರಂದು ಗೋವೆಯಲ್ಲಿದ್ದ ಭಾರತದ ಕಾನ್ಸುಲ್ ಕಚೇರಿಯೂ ಮುಚ್ಚಿತು. ಅಂದಿನಿಂದ ೧೯೬೧ರ ಡಿಸೆಂಬರ್ ೧೯ರವರೆಗೆ, ಭಾರತೀಯ ಸೈನ್ಯ ಗೋವೆಯನ್ನು ಬಿಡಿಸಿಕೊಳ್ಳುವವರೆಗೆ, ಅಲ್ಲಿಗೆ ಹೋಗಬೇಕಾದವನು ಪರವಾನಗಿ ಹಿಡಿದು, ಕಾರವಾರದಾಚೆಯ ಮಾಜಾಳಿಯಂಥ ಗಡಿಯ ಊರಿಗೆ ಹೋಗಿ, ಅಲ್ಲಿಂದ ಕಾಲುನಡಿಗೆಯಲ್ಲಿ ಆಚೆಯ ಪೊಳೆಂ ಠಾಣೆಯನ್ನು ಮುಟ್ಟಬೇಕಾಗಿತ್ತು.

ದಿಗ್ಬಂಧನ ಬೇಕಿತ್ತೋ ಬೇಡವೋ ಎಂಬ ಚರ್ಚೆ ನನ್ನದಲ್ಲ. ಪರಕೀಯರ ಆಳಿಕೆ ತೊಲಗಬೇಕೆಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ತಂದೆಯವರು ಸತ್ಯಾಗ್ರಹಿಗಳಿಗೆ ಬುತ್ತಿ ಕಟ್ಟಿಸಿಕೊಟ್ಟವರು. ಆದರೆ ಗಡಿ ಮುಚ್ಚಿದಾಗ ಅದು ಸಾಲಾಜಾರನಿಗೆ ಮಾತ್ರ ಮುಚ್ಚುವುದಿಲ್ಲ.

ಮಡಗಾಂವದ ಅತ್ತೆ ೧೯೫೭ರಲ್ಲಿ ತೀರಿಕೊಂಡಳು. ಹುಬ್ಬಳ್ಳಿಯಿಂದ ಯಾರೂ ಹೋಗಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ ಅಜ್ಜಿಯ ಬಂಗಾರದ ವಿಷಯವಾಗಿ ಅಕ್ಕತಮ್ಮಂದಿರಲ್ಲಿ ಮಾತು ಬಿಗಿದಿತ್ತು. ಬಂಗಾರದ ಸಿಟ್ಟಿಗೆ ತಮ್ಮ ಬರಲಿಲ್ಲವೆಂದು ಅತ್ತೆಯ ಮನೆಯವರು ತಿಳಿದರು. ಗೋವೆಯ ಬಿಡುಗಡೆಯಾಗಿ ರೈಲು ಮತ್ತೆ ಓಡಲಾರಂಭಿಸಿದ ಮೇಲೆ ತಂದೆಯವರು ಹೋಗಿದ್ದರು. ಒಂದು ಲೋಟ ಚಹ ಕುಡಿದು ಅಂದೇ ಸಂಜೆಯ ಗಾಡಿಗೆ ಮರಳಿದರಂತೆ. ನಾವು ದೊಡ್ಡವರಾದ ಮೇಲೆ ಕೇಳಿದಾಗಲೆಲ್ಲ "ಆದದ್ದು ಆಗಿಹೋತು, ಬಿಡು" ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಐವತ್ತೆಂಟು ವರ್ಷ ಆ ಎರಡು ಮನೆಗಳ ನಡುವೆ ಲಗ್ನಪತ್ರಿಕೆಗಳು ಹೋಗಿ ಬಂದವೇ ಹೊರತು ಜನ ಹೋಗಿ ಬರಲಿಲ್ಲ.

ಗಂಟಿನಲ್ಲಿದ್ದ ಕಾಗದಗಳು ನಾಲ್ಕು. ಮೊದಲನೆಯದು ಅರ್ಜಿಯ ಕಾರ್ಬನ್ ಪ್ರತಿ: ಅಕ್ಕನಿಗೆ ಕಾಯಿಲೆ ವಿಷಮಿಸಿದೆ, ನೋಡಿಬರಲು ಅನುಮತಿ ಬೇಕು, ತಾರೀಖು ೧೯೫೭ರ ಸೆಪ್ಟೆಂಬರ್ ೯. ಎರಡನೆಯದು ನೆನಪೋಲೆ: ಅಕ್ಟೋಬರ್ ೧೪. ಮೂರನೆಯದು ಪರವಾನಗಿ: ನವೆಂಬರ್ ೧೮, ಒಂದು ತಿಂಗಳ ಅವಧಿ. ಅದರ ಹಿಂಬದಿಯಲ್ಲಿ ಹೋದ ದಿನ, ಬಂದ ದಿನಗಳ ಮುದ್ರೆಗೆಂದು ಬಿಟ್ಟ ಜಾಗ ಖಾಲಿಯಾಗಿದೆ. ಇಷ್ಟನ್ನೇ ನೋಡಿದರೆ ಪರವಾನಗಿ ಸಿಕ್ಕೂ ಹೋಗಲಿಲ್ಲವೆಂಬ ತೀರ್ಮಾನಕ್ಕೆ ಬರಬೇಕು. ಅತ್ತೆಯ ಮನೆಯವರ ಮಾತೇ ಗೆದ್ದಂತಾಗುತ್ತಿತ್ತು.

ಇಲ್ಲಿ ಎರಡು ಕಾಲಗಣನೆಗಳನ್ನು ತಾಳೆ ನೋಡಬೇಕಾಯಿತು. ಸರಕಾರದ ಕಾಗದಕ್ಕೆ ತಾರೀಖು; ಮನೆಯ ನೆನಪಿಗೆ ತಿಥಿ. ಅತ್ತೆಯ ಶ್ರಾದ್ಧದ ತಿಥಿ ಹೇವಿಳಂಬಿ ಸಂವತ್ಸರದ ಕಾರ್ತಿಕ ಬಹುಳ ಪಂಚಮಿ ಎಂಬುದು ಎಲ್ಲರಿಗೂ ಗೊತ್ತು. ಅದು ಯಾವ ತಾರೀಖೆಂದು ಯಾರೂ ಎಂದೂ ನೋಡಿರಲಿಲ್ಲ. ಲೆಕ್ಕ ಹಾಕಿದರೆ ಅದು ೧೯೫೭ರ ನವೆಂಬರ್ ೧೨ಕ್ಕೆ ಬರುತ್ತದೆ. ಪರವಾನಗಿಗೆ ರುಜು ಬೀಳುವ ಹೊತ್ತಿಗೆ ಅವಳು ತೀರಿಕೊಂಡು ಆರು ದಿನಗಳಾಗಿದ್ದವು. ಅರ್ಜಿ ಹೋಗಿ ಎರಡು ತಿಂಗಳ ಮೇಲಾಗಿತ್ತು. ಅದು ಯಾವ ಕಚೇರಿಯ ಮೇಜಿನ ಮೇಲೆ ಕುಳಿತಿತ್ತೆಂಬುದನ್ನು ಈಗ ಹುಡುಕಿ ಫಲವಿಲ್ಲ.

ನಾಲ್ಕನೆಯದು ಅಂಗೈಯಗಲದ ಒಂದು ರಸೀದಿ. ಕಾರವಾರದ ಖಾನಾವಳಿಯೊಂದರದು; ಇಪ್ಪತ್ತರಿಂದ ಇಪ್ಪತ್ತೆರಡನೆಯ ತಾರೀಖಿನವರೆಗಿನ ಊಟ-ವಸತಿಗೆ ಹಣ ಸಂದಾಯವಾಗಿದೆ. ತಿಂಗಳ ಮೇಲೆ ನೀರು ಬಿದ್ದು ಅಳಿಸಿದೆ, ವರ್ಷವನ್ನು ಬರೆದೇ ಇಲ್ಲ. ಕಾಲ ತಿಳಿಯದ ಶಾಸನವನ್ನು ಓದುವಂತೆಯೇ ಇದನ್ನೂ ಓದಬೇಕಾಯಿತು. ಮೊತ್ತವನ್ನು ಆಣೆಗಳಲ್ಲಿ ಬರೆಯದೆ 'ನಯೆ ಪೈಸೆ'ಯಲ್ಲಿ ಬರೆದಿದೆ. ದಶಮಾಂಶ ನಾಣ್ಯ ಚಲಾವಣೆಗೆ ಬಂದದ್ದು ೧೯೫೭ರ ಏಪ್ರಿಲ್ ೧ರಂದು. 'ನಯೆ' ಎಂಬ ವಿಶೇಷಣ ಬಿದ್ದುಹೋದದ್ದು ೧೯೬೪ರಲ್ಲಿ. ಆದುದರಿಂದ ರಸೀದಿ ಆ ಏಳು ವರ್ಷಗಳೊಳಗಿನದು. ಎರಡನೆಯದಾಗಿ, ಪರವಾನಗಿಯ ಮೂಲೆಯಲ್ಲಿ ಗುಂಡುಸೂಜಿಯ ತುಕ್ಕಿನ ಕಲೆಯಿದೆ. ರಸೀದಿಯ ಮೂಲೆಯಲ್ಲಿಯೂ ಅದೇ ಅಳತೆಯ, ಅದೇ ಅಂತರದ ಎರಡು ತೂತುಗಳು. ಎರಡನ್ನೂ ಜೋಡಿಸಿ ಚುಚ್ಚಿಟ್ಟವರು ತಂದೆಯವರೇ. ಪರವಾನಗಿಯ ಅವಧಿ ಡಿಸೆಂಬರ್ ೧೭ಕ್ಕೆ ಮುಗಿಯುವುದರಿಂದ, ಅದರೊಳಗೆ ಬರುವ ಇಪ್ಪತ್ತರ ತಾರೀಖು ನವೆಂಬರಿನದೊಂದೇ. ಪರವಾನಗಿ ಬಂದೊಡನೆ ಅವರು ಹೊರಟಿದ್ದಾರೆ. ಗಡಿಗೆ ಕೆಲವೇ ಮೈಲಿಗಳಿರುವ ಕಾರವಾರವನ್ನು ಮುಟ್ಟಿದ್ದಾರೆ. ಸುದ್ದಿ ಅವರಿಗೆ ಅಲ್ಲಿಯೇ, ಆಚೆಯಿಂದ ಬಂದವರ ಬಾಯಿಂದ ಸಿಕ್ಕಿರಬೇಕು. ನವೆಂಬರ್ ೧೨ರಿಂದ ಎಣಿಸಿದರೆ ೨೧ನೆಯ ತಾರೀಖು ಹತ್ತನೆಯ ದಿನ. ಆ ದಿನವನ್ನು ಅವರು ಕಡಲ ದಂಡೆಯ ಊರಿನಲ್ಲಿ ಕಳೆದು, ಮಾರನೆಯ ದಿನ ತಿರುಗಿ ಬಂದಿದ್ದಾರೆ.

ಆಚೆಗೆ ಏಕೆ ಹೋಗಲಿಲ್ಲ? ಕೈಯಲ್ಲಿ ಪರವಾನಗಿಯಿತ್ತು, ಅವಧಿಯೂ ಇತ್ತು. ಅಕ್ಕನ ಮುಖ ಕಾಣದ ಮೇಲೆ ಭಾವನ ಮುಖ ಕಾಣುವುದು ಬೇಡವೆನಿಸಿತೋ, ಬಂಗಾರದ ಮಾತು ನೆನಪಾಯಿತೋ, ಕಾಗದಕ್ಕೆ ಅದನ್ನು ಹೇಳುವ ಶಕ್ತಿಯಿಲ್ಲ. ಸಂಪಾದಕನಾದವನು ಲುಪ್ತವಾದ ಪಾಠವನ್ನು ತನ್ನ ಕವಿತ್ವದಿಂದ ತುಂಬಬಾರದು ಎಂದು ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಸಿಟ್ಟಿಗೆ ಹೊರಡಲೇ ಇಲ್ಲ ಎಂಬ ಮಾತು ಸುಳ್ಳು. ಅಕ್ಕ ಬದುಕಿರುವಾಗಲೇ ಎರಡು ಸಲ ಬರೆದು ಬೇಡಿದ್ದಾರೆ, ಕಾರವಾರದವರೆಗೆ ಹೋಗಿದ್ದಾರೆ. ಇಷ್ಟು ಸಿದ್ಧ. ಇದರಾಚೆಯದನ್ನು ಖಾಲಿ ಬಿಟ್ಟಿದ್ದೇನೆ.

ನಾಲ್ಕೂ ಕಾಗದಗಳ ನೆರಳಚ್ಚುಗಳನ್ನು ಅತ್ತೆಯ ಹಿರಿಯ ಮಗನಿಗೆ, ವರಸೆಯಲ್ಲಿ ನನಗೆ ಭಾವನಾದವರಿಗೆ ಕಳಿಸಿದೆನು. ತಾಯಿ ತೀರಿದಾಗ ಅವರಿಗೆ ಹತ್ತೊಂಬತ್ತು. ಈ ಕಾಗದ ಮುಟ್ಟಿದಾಗ ಎಪ್ಪತ್ತೇಳು. ನಾಲ್ಕು ದಿನ ಬಿಟ್ಟು ಫೋನು ಮಾಡಿದರು. "ಮಾಮಾ ಯಾಕೆ ಹೇಳಲಿಲ್ಲ?" ಎಂದು ಕೇಳಿದರು. ಆಮೇಲೆ ತಾರೀಖುಗಳನ್ನು ಒಂದೊಂದಾಗಿ ನನ್ನಿಂದ ಓದಿಸಿ ಬರೆದುಕೊಂಡರು.

ಮೂರನೆಯ ಪತ್ರದ ವಿಷಯಕ್ಕೆ ಬರುತ್ತೇನೆ. ಇದನ್ನು ಕುರಿತು ಹೆಚ್ಚು ಹೇಳುವುದಿಲ್ಲ, ಏಕೆಂದರೆ ಇಂಥ ಪುಸ್ತಕ ಅನೇಕರ ಮನೆಗಳಲ್ಲಿದೆ. ೧೯೬೭ರವರೆಗೆ ಪಾಸ್‌ಪೋರ್ಟು ಕೊಡುವುದು ಬಿಡುವುದು ಸರಕಾರದ ಮರ್ಜಿಗೆ ಸೇರಿತ್ತು. ಆ ವರ್ಷದ ಏಪ್ರಿಲಿನಲ್ಲಿ ಸತ್ವಂತಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪರದೇಶಕ್ಕೆ ಹೋಗುವುದು ಸಂವಿಧಾನದ ೨೧ನೆಯ ಅನುಚ್ಛೇದ ಹೇಳುವ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. ಎರಡು ತಿಂಗಳಲ್ಲಿ ಪಾಸ್‌ಪೋರ್ಟು ಕಾಯದೆ ಬಂದಿತು. ೧೯೭೮ರ ಜನವರಿಯಲ್ಲಿ ಮನೇಕಾ ಗಾಂಧಿಯವರ ಮೊಕದ್ದಮೆ ಆ ಹಕ್ಕನ್ನು ಇನ್ನಷ್ಟು ಬಲಪಡಿಸಿತು. ಸಾಮಾನ್ಯನ ಕೈಯಲ್ಲಿ ಆ ಪುಸ್ತಕ ಕಾಣತೊಡಗಿದ್ದು ಇದಾದ ಮೇಲೆ. ತಂದೆಯವರ ಪುಸ್ತಕದಲ್ಲಿ ಯಾವ ದೇಶಗಳಿಗೆ ಇದು ಸಲ್ಲುತ್ತದೆ ಎಂಬ ಪುಟವಿದೆ, ದಕ್ಷಿಣ ಆಫ್ರಿಕಕ್ಕೆ ಸಲ್ಲದೆಂದೂ ಇದೆ. ವರ್ಣಭೇದದ ಸರಕಾರದೊಡನೆ ನಮಗೆ ಸಂಬಂಧ ಬೇಡವೆಂಬ ಆ ನಿಷೇಧ ೧೯೯೦ರ ದಶಕದವರೆಗೂ ನಡೆಯಿತು. ಅದರೊಳಗೆ ಸಿಕ್ಕಿಸಿದ್ದ ಹಳದಿ ಪುಸ್ತಕದಲ್ಲಿ ಸಿಡುಬಿನ ಲಸಿಕೆಯ ದಾಖಲೆಯಿದೆ. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು ೧೯೭೫ರಲ್ಲಿ. ಜಗತ್ತಿನಲ್ಲಿ ತಾನಾಗಿ ಹಬ್ಬಿದ ಕೊನೆಯ ಪ್ರಕರಣ ೧೯೭೭ರಲ್ಲಿ ಸೋಮಾಲಿಯದಲ್ಲಿ. ರೋಗವೇ ನಿರ್ಮೂಲವಾಯಿತೆಂಬ ಘೋಷಣೆ ೧೯೮೦ರಲ್ಲಿ. ಹೀಗೆ ಇಲ್ಲದ ರೋಗಕ್ಕೆ ಹೆದರಿ ನಮ್ಮ ತಂದೆಯವರು ತೋಳು ಚುಚ್ಚಿಸಿಕೊಂಡು ವಿಮಾನ ಹತ್ತಿದ್ದರು.

ಪ್ರವಾಸಕಥನ ನಮ್ಮ ಸಾಹಿತ್ಯದಲ್ಲಿ ಒಂದು ಗೌರವದ ಪ್ರಕಾರ. ವಿ. ಕೃ. ಗೋಕಾಕರ 'ಸಮುದ್ರದಾಚೆಯಿಂದ', ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ' ಇವನ್ನು ಓದಿ ಬೆಳೆದವರಿಗೆ ಕಡಲಿನಾಚೆಯ ನಾಡುಗಳು ಅಪರಿಚಿತವಾಗಿ ಉಳಿಯಲಿಲ್ಲ. ಆದರೆ ಕಥನ ಬರೆಯದೆ ಹೋಗಿ ಬಂದವರು ಎಷ್ಟು ಜನ! ಅವರ ಗ್ರಂಥ ಈ ಮುದ್ರೆ ಬಿದ್ದ ಹಾಳೆಗಳೇ.

ಇತ್ತೀಚೆಗೆ ಈ ಹಳೆಯ ಕಾಗದಗಳಿಗೆ ಇನ್ನೊಂದು ಬಗೆಯ ಗಿರಾಕಿ ಹುಟ್ಟಿದೆ. ೧೯೬೧ರ ಡಿಸೆಂಬರಿಗೆ ಮುಂಚೆ ಗೋವೆಯಲ್ಲಿ ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಪೋರ್ತುಗಲ್ಲಿನ ರಾಷ್ಟ್ರೀಯತೆಗೆ ಅರ್ಜಿ ಹಾಕುತ್ತ ಬಂದಿರುವ ಸಂಗತಿ ಪತ್ರಿಕೆಗಳಲ್ಲಿ ಬಂದಿದೆ. ನನ್ನ ಅಕ್ಕನ ಮೊಮ್ಮಗನೊಬ್ಬನು ಪರವಾನಗಿಯನ್ನು ನೋಡಿ, "ಅಜ್ಜಾ, ಇದನ್ನ ತೋರಿಸಿದರ ಯುರೋಪಿನ ಪಾಸ್‌ಪೋರ್ಟು ಸಿಗತದೇನು?" ಎಂದು ಕೇಳಿದನು. ಸಿಗುವುದಿಲ್ಲ. ಅಲ್ಲಿಗೆ ಹೋಗಲು ಕೊಟ್ಟ ಅನುಮತಿ ಅಲ್ಲಿ ಹುಟ್ಟಿದುದಕ್ಕೆ ಸಾಕ್ಷಿಯಾಗದು. ಅದಕ್ಕೆ ಗೋವೆಯ ಜನನ ನೋಂದಣಿಯ ದಾಖಲೆ ಬೇಕು. ನಮ್ಮ ತಂದೆ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಹಾಗೆ ದಾಖಲೆ ಇರುವವರಾದರೂ ಒಂದು ಮಾತನ್ನು ತಿಳಿದಿರಬೇಕು. ೧೯೬೨ರ ಆದೇಶದಿಂದ ಗೋವೆಯ ಜನ ಭಾರತದ ನಾಗರಿಕರಾದರು. ಪೋರ್ತುಗಲ್ಲು ೧೯೭೪ರ ಡಿಸೆಂಬರ್ ೩೧ರ ಒಪ್ಪಂದದಲ್ಲಿ ಭಾರತದ ಸಾರ್ವಭೌಮತ್ವವನ್ನು ಒಪ್ಪಿಕೊಂಡಿತು. ನಮ್ಮ ನಾಗರಿಕತ್ವ ಕಾಯದೆಯ ೯ನೆಯ ಕಲಮಿನ ಪ್ರಕಾರ ಸ್ವಇಚ್ಛೆಯಿಂದ ಬೇರೊಂದು ದೇಶದ ನಾಗರಿಕತ್ವ ಪಡೆದವನ ಭಾರತೀಯ ನಾಗರಿಕತ್ವ ಅಲ್ಲಿಗೆ ಮುಗಿಯುತ್ತದೆ. ಎರಡನ್ನೂ ಇಟ್ಟುಕೊಳ್ಳುವಂತಿಲ್ಲ.

ಇನ್ನು ಇವನ್ನು ಇಟ್ಟುಕೊಳ್ಳುವ ಬಗೆ. ತೀರಿಕೊಂಡವರ ಪಾಸ್‌ಪೋರ್ಟಿನ ಅವಧಿ ಇನ್ನೂ ಉಳಿದಿದ್ದರೆ ಅದನ್ನು ಹಾಗೆಯೇ ಪೆಟ್ಟಿಗೆಯಲ್ಲಿಡಬಾರದು. ಕಾಯದೆಯಂತೆ ಪಾಸ್‌ಪೋರ್ಟು ಎಂದಿಗೂ ಕೇಂದ್ರ ಸರಕಾರದ ಸ್ವತ್ತು. ಮರಣದ ದಾಖಲೆಯೊಡನೆ ಒಯ್ದು ರದ್ದು ಮಾಡಿಸಬೇಕು. ರದ್ದಾದ ಪುಸ್ತಕವನ್ನು ನೆನಪಿಗೆಂದು ಮರಳಿ ಕೇಳಿ ಪಡೆಯಬಹುದು. ಈಗ ಹುಬ್ಬಳ್ಳಿಯಲ್ಲಿಯೇ ಪಾಸ್‌ಪೋರ್ಟು ಸೇವಾ ಕೇಂದ್ರವಿದೆ. ಹಳೆಯ ಕಾಗದಗಳಿಗೆ ಪ್ಲಾಸ್ಟಿಕ್ ಹೊದಿಸಿ ಬಿಸಿಮಾಡಿ ಅಂಟಿಸುವ ಲ್ಯಾಮಿನೇಷನ್ ಎಂಬ ಉಪದ್ರವವನ್ನು ಎಂದೂ ಮಾಡಿಸಬೇಡಿರಿ. ಅದನ್ನು ಮತ್ತೆ ಬಿಡಿಸಲಾಗದು, ಒಳಗಿನ ಕಾಗದ ಸುಟ್ಟಂತಾಗುತ್ತದೆ. ಹರಿದ ಕಡೆಗೆ ಅಂಟುಪಟ್ಟಿ ಬೇಡ. ಗುಂಡುಸೂಜಿಯನ್ನು ತೆಗೆಯಿರಿ, ಆದರೆ ತೆಗೆಯುವ ಮೊದಲು ಯಾವುದು ಯಾವುದರೊಡನೆ ಇತ್ತೆಂಬುದನ್ನು ಬರೆದುಕೊಳ್ಳಿರಿ. ನಮ್ಮ ಮನೆಯಲ್ಲಿ ಆ ಸೂಜಿಯ ತೂತಿಲ್ಲದಿದ್ದರೆ ರಸೀದಿಗೆ ಅರ್ಥವೇ ಇರುತ್ತಿರಲಿಲ್ಲ. ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಕಡೆ ಇಟ್ಟು, ವರ್ಷಕ್ಕೊಮ್ಮೆ ಬಿಚ್ಚಿ ಗಾಳಿಗಿಟ್ಟರೆ ಸಾಕು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ರದ್ದಿಗೆ ಹಾಕುವ ಮುಂಚೆ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ ಬಲ್ಲವರಿಗೊಮ್ಮೆ ತೋರಿಸಿರಿ.

ಚಿಕ್ಕಜ್ಜನ ಪುಸ್ತಕವೂ ತಂದೆಯವರ ಪಾಸ್‌ಪೋರ್ಟೂ ನನ್ನಲ್ಲಿವೆ. ಪರವಾನಗಿಯ ಮತ್ತು ರಸೀದಿಯ ಮೂಲಪ್ರತಿಗಳನ್ನು ಭಾವನವರು ಕೇಳಿದರು. ಮರುವರ್ಷ ಕಾರ್ತಿಕದಲ್ಲಿ ಅತ್ತೆಯ ತಿಥಿಗೆ ಕರೆದಾಗ ಒಯ್ದು ಕೊಟ್ಟು ಬಂದೆನು. ಅವರು ಅವನ್ನು ದೇವರ ಕೋಣೆಯಲ್ಲಿ, ತಾಯಿಯ ಭಾವಚಿತ್ರದ ಪಕ್ಕಕ್ಕೆ ಗೋಡೆಗೆ ಹಚ್ಚಿದ್ದಾರೆ. ಬಿಸಿಲು ಬೀಳದ ಜಾಗ, ಅದು ಒಳ್ಳೆಯದೇ. ಆದರೆ ದಿನವೂ ಎಣ್ಣೆಯ ದೀಪದ ಹೊಗೆಯಿದೆ, ಮಡಗಾಂವದ ಮಳೆಗಾಲದ ತಂಪೂ ಇದೆ. ಗಾಜಿನ ಚೌಕಟ್ಟು ಹಾಕಿಸಿ, ಹಿಂದೆ ಒಣ ರಟ್ಟು ಕೊಡಿಸಿರೆಂದು ಬರೆದಿದ್ದೇನೆ.